ಬಲವಾದ ಬ್ರೇಕೇ ಒಳ್ಳೆಯ ಬ್ರೇಕೆ?

ಹಳೆಯ ಗಾಡಿಯೊಂದನ್ನು ಕೊಂಡು, ಬಿಚ್ಚಿ, ತಿದ್ದಿ, ಮತ್ತೆ ರಸ್ತೆಗಿಳಿಸುವ ಹವ್ಯಾಸವು ತರುಣರಲ್ಲಿರುವುದು ಸಂತೋಷದ ವಿಷಯ. ಪುಸ್ತಕದ ಯಂತ್ರಶಾಸ್ತ್ರವು ಕೈಗೆ ಹತ್ತುವುದು ಹೀಗೆಯೇ. ಆದರೆ ಈ ಹವ್ಯಾಸದೊಡನೆ ಒಂದು ತಪ್ಪು ಕಲ್ಪನೆಯೂ ಬೆಳೆದಿದೆ. ಮುಂದಿನ ಗಾಲಿಗಳಿಗೆ ಡಿಸ್ಕ್ ಬ್ರೇಕು ಹಾಕಿಸಿದೊಡನೆ ಗಾಡಿಯು ಸುರಕ್ಷಿತವಾಯಿತೆಂದು ಅನೇಕರು ನಂಬಿದ್ದಾರೆ. ನಾವು ಇದನ್ನು ಒಪ್ಪಲಾರೆವು. ಬ್ರೇಕಿನ ಬಲ ಎಷ್ಟು ಎಂಬುದಕ್ಕಿಂತ, ಆ ಬಲವು ಗಾಲಿಗಳಿಗೆ ಹೇಗೆ ಹಂಚಿಹೋಗುತ್ತದೆ ಎಂಬ ಪ್ರಶ್ನೆ ದೊಡ್ಡದು.

ಡಿಸ್ಕಿನ ಹಿರಿಮೆಯನ್ನು ಯಾರೂ ಅಲ್ಲಗಳೆಯುವಂತಿಲ್ಲ. 1953ರಲ್ಲಿ ಫ್ರಾನ್ಸಿನ ಲೆ ಮಾನ್ ಪಟ್ಟಣದ 24 ಗಂಟೆಗಳ ಪಂದ್ಯವನ್ನು ಜಾಗ್ವಾರ್ ಸಿ-ಟೈಪ್ ಕಾರು ಗೆದ್ದುದು ಡನ್‌ಲಪ್ ಡಿಸ್ಕ್ ಬ್ರೇಕುಗಳ ನೆರವಿನಿಂದ. ಗಂಟೆಗೆ 72 ಕಿಲೋಮೀಟರ್ ವೇಗದಲ್ಲಿ ಓಡುವ 800 ಕಿಲೋಗ್ರಾಂ ಕಾರಿನ ಚಲನಶಕ್ತಿ 1,60,000 ಜೂಲ್. ಕಾರು ನಿಲ್ಲಬೇಕಾದರೆ ಇದರ ಬಹುಭಾಗವು ಬ್ರೇಕಿನಲ್ಲಿ ಶಾಖವಾಗಬೇಕು. ಮುಚ್ಚಿದ ಡ್ರಮ್ಮಿನಲ್ಲಿ ಶಾಖವು ಉಳಿದು ಹಿಡಿತ ಸಡಿಲುತ್ತದೆ. ಗಾಳಿಗೆ ತೆರೆದಿರುವ ಡಿಸ್ಕು ಬೇಗನೆ ಆರುತ್ತದೆ.

1960ರ ದಶಕದಲ್ಲಿ ಮದರಾಸಿನಲ್ಲಿ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರಿಗೆ ಡ್ರಮ್ ಬ್ರೇಕು. ಹೆರಾಲ್ಡಿನ ಚಾಸಿಯನ್ನೇ ಮೊಟಕುಗೊಳಿಸಿ ಇಂಗ್ಲೆಂಡಿನಲ್ಲಿ 1962ರಲ್ಲಿ ಹೊರತಂದ ಟ್ರಯಂಫ್ ಸ್ಪಿಟ್‌ಫೈರ್ ಎಂಬ ಕ್ರೀಡಾ ಕಾರಿಗೆ ಮುಂದೆ ಡಿಸ್ಕು, ಹಿಂದೆ ಡ್ರಮ್ಮು. ಒಂದರ ಭಾಗವನ್ನು ಇನ್ನೊಂದಕ್ಕೆ ಕೂಡಿಸುವ ಆಸೆ ಸಹಜವೇ. ಆದರೆ ಕೂಡಿಸುವ ಮೊದಲು ಒಂದು ಲೆಕ್ಕವನ್ನು ಮಾಡಲೇಬೇಕು.

ಕಾರನ್ನು ಕಡೆಗೆ ನಿಲ್ಲಿಸುವುದು ಟೈರಿಗೂ ರಸ್ತೆಗೂ ನಡುವಣ ಘರ್ಷಣೆ. ಅದರ ಮಿತಿಯು ಗಾಲಿಯ ಮೇಲಿನ ಭಾರವನ್ನು ಅವಲಂಬಿಸಿದೆ. ಮೇಲೆ ಹೇಳಿದ ಕಾರಿನ ಭಾರವು ಮುಂದೆ 400, ಹಿಂದೆ 400 ಕಿಲೋಗ್ರಾಂ ಇರಲಿ. ಗಾಲಿಗಳ ನಡುವಣ ಅಂತರ 2.3 ಮೀಟರ್, ಗುರುತ್ವ ಕೇಂದ್ರದ ಎತ್ತರ ಅರ್ಧ ಮೀಟರ್ ಎನ್ನೋಣ. ಒಣ ರಸ್ತೆಯಲ್ಲಿ ಗುರುತ್ವದ 0.8 ಪಾಲಿನಷ್ಟು ವೇಗಾಪಕರ್ಷವಾದರೆ ಸುಮಾರು 140 ಕಿಲೋಗ್ರಾಂ ಭಾರ ಮುಂದಕ್ಕೆ ಸರಿಯುತ್ತದೆ. ಮುಂದೆ 540, ಹಿಂದೆ 260. ಒದ್ದೆ ರಸ್ತೆಯಲ್ಲಿ ದೊರೆಯುವುದು 0.4 ಪಾಲು ಮಾತ್ರವಾದರೆ, ಸರಿಯುವುದು 70. ಆಗ 470, 330.

ಮುಂದಿನ ಬ್ರೇಕು ಅತಿಯಾದರೆ ಮುಂದಿನ ಗಾಲಿಗಳು ಬೇಗನೆ ಕಟ್ಟಿಕೊಳ್ಳುತ್ತವೆ. ಹಿಂದಿನವು ತಮ್ಮ ಪಾಲಿನ ಕೆಲಸ ಮಾಡುವುದಿಲ್ಲ, ಸ್ಟೀರಿಂಗ್ ತಿರುಗಿಸಿದರೂ ಕಾರು ತಿರುಗುವುದಿಲ್ಲ. ಹಿಂದಿನದು ಅತಿಯಾದರೆ ಅಪಾಯ ಇನ್ನೂ ಹೆಚ್ಚು. ಕಾರಿನ ಹಿಂಭಾಗವೇ ಗಿರಕಿ ಹೊಡೆದು ಮುಂದಕ್ಕೆ ಬರುತ್ತದೆ. ಆದ್ದರಿಂದ ಮುಂದಿನವು ತುಸುವೇ ಮೊದಲು ಮಿತಿ ಮುಟ್ಟುವಂತೆ ಹೊಂದಿಸುವುದು ಜಾಣತನ. ಡ್ರಮ್ಮಿಗಾಗಿ ಮಾಡಿದ ಹಲವು ಮಾಸ್ಟರ್ ಸಿಲಿಂಡರುಗಳು ಕೊಳವೆಯಲ್ಲಿ ಸ್ವಲ್ಪ ಒತ್ತಡವನ್ನು ಸದಾ ಉಳಿಸಿಕೊಳ್ಳುತ್ತವೆ. ಅದನ್ನೇ ಡಿಸ್ಕಿಗೆ ಜೋಡಿಸಿದರೆ ಪ್ಯಾಡು ಉಜ್ಜುತ್ತಲೇ ಇದ್ದು ಕಾಯುತ್ತದೆ. ಡಿಸ್ಕು ಬದಲಾದರೆ ಸಿಲಿಂಡರು, ಹಿಂದಿನ ಒತ್ತಡವನ್ನು ತಗ್ಗಿಸುವ ಕವಾಟ, ಎಲ್ಲವನ್ನೂ ಮರಳಿ ನೋಡಬೇಕೆಂಬುದು ಇದರ ಅರ್ಥ.

ಹೆರಾಲ್ಡು ಎಲ್ಲರ ಮನೆಯಲ್ಲಿಲ್ಲ. ಮೋಟಾರ್ ಸೈಕಲ್ಲು ಇದೆ. ಅದಕ್ಕೂ ಇದೇ ನ್ಯಾಯ. 2019ರ ಏಪ್ರಿಲಿನಿಂದ 125 ಸಿಸಿಗೆ ಮೀರಿದ ಹೊಸ ಬೈಕುಗಳಿಗೆ ಗಾಲಿ ಕಟ್ಟಿಕೊಳ್ಳದಂತೆ ತಡೆಯುವ ಎಬಿಎಸ್, ಅದಕ್ಕಿಂತ ಚಿಕ್ಕವಕ್ಕೆ ಎರಡು ಗಾಲಿಗಳಿಗೂ ಒಟ್ಟಿಗೆ ಬಲ ಹಂಚುವ ಸಿಬಿಎಸ್ ಆದರೂ ಇರಬೇಕೆಂಬ ನಿಯಮ ದೇಶದಲ್ಲಿ ಜಾರಿಗೆ ಬಂದಿತು. ಹಳೆಯ ಬೈಕಿಗೆ ದೊಡ್ಡ ಡಿಸ್ಕನ್ನು ಮಾತ್ರ ಕಟ್ಟಿಸಿದವನಿಗೆ ಈ ಎರಡೂ ಇಲ್ಲ. ಕುಷ್ಟಗಿಯ ಹೆದ್ದಾರಿಯಲ್ಲಿ ಬಿಸಿಲಿನಲ್ಲಿ ಚೆನ್ನಾಗಿ ನಿಂತ ಬೈಕು, ಗಂಗಾವತಿಯ ಗದ್ದೆಗಳಿಂದ ಟ್ರ್ಯಾಕ್ಟರು ಹೊತ್ತು ತಂದ ಕೆಸರಿನ ಮೇಲೆ, ಯಲಬುರ್ಗಾದ ಎರೆಮಣ್ಣು ಮೆತ್ತಿದ ರಸ್ತೆಯ ಮೇಲೆ, ಹಾಗೆಯೇ ನಿಂತೀತೆ? ನೆಲ ಬದಲಾದರೆ ಲೆಕ್ಕವೂ ಬದಲಾಗುತ್ತದೆ.

ಆದುದರಿಂದ ನಮ್ಮ ಸಲಹೆ ಎರಡು. ಪ್ರತಿ ಗಾಲಿಯ ಬ್ರೇಕ್ ಬಲವನ್ನು ಬೇರೆಬೇರೆಯಾಗಿ ಅಳೆಯುವ ಉರುಳೆ ಯಂತ್ರವನ್ನು ಕೊಪ್ಪಳ ಜಿಲ್ಲೆಯ ತಾಂತ್ರಿಕ ವಿದ್ಯಾಲಯಗಳು ತಿಂಗಳಿಗೊಂದು ದಿನವಾದರೂ ಸಾರ್ವಜನಿಕರಿಗೆ ಒದಗಿಸಲಿ. ವಿದ್ಯಾರ್ಥಿಗಳು ಅದಕ್ಕಾಗಿ ಕಾಯಬೇಕಾಗಿಲ್ಲ. ಭತ್ತದ ಲಾರಿಗಳನ್ನು ತೂಗುವ ಕಾಟಾದ ಮೇಲೆ ಕಾರಿನ ಮುಂದಿನ ಗಾಲಿಗಳನ್ನು ಮಾತ್ರ ನಿಲ್ಲಿಸಿ ತೂಗಿರಿ. ಬಳಿಕ ಇಡೀ ಕಾರನ್ನು ತೂಗಿರಿ. ಮೇಲಿನ ಲೆಕ್ಕವನ್ನು ನಿಮ್ಮ ಅಂಕಿಗಳಿಂದಲೇ ಮಾಡಿರಿ. ಪಾನೆಯನ್ನು ಆಮೇಲೆ ಕೈಗೆತ್ತಿಕೊಳ್ಳಿರಿ.