ಉಳಿತಾಯದ ಗಂಟು ಮನೆ ಬದಲಿಸಬೇಕೇ?

ಏಜೆಂಟರ ಅಥವಾ ಬ್ರೋಕರರ ಮೂಲಕ ಕೂಡಿಟ್ಟ ಮ್ಯೂಚುವಲ್ ಫಂಡು ಮತ್ತು ಶೇರುಗಳನ್ನು ಕಡಿಮೆ ವೆಚ್ಚದ ಬೇರೊಂದು ವೇದಿಕೆಗೆ ಸಾಗಿಸಿಕೊಳ್ಳುವುದು ನಮ್ಮ ಜಿಲ್ಲೆಯ ಸಾಮಾನ್ಯ ಉಳಿತಾಯಗಾರನಿಗೆ ಹಿತವೇ? ಶಹಾಪುರದ ನಿವೃತ್ತ ಗಣಿತದ ಮಾಸ್ತರರೊಬ್ಬರು ಈ ಪ್ರಶ್ನೆಯನ್ನು ನಮ್ಮಿಬ್ಬರ ಮುಂದೂ ಇಟ್ಟರು. ನಾವಿಬ್ಬರೂ ಒಂದೇ ಉತ್ತರವನ್ನು ಕೊಡಲಿಲ್ಲ.

ಪರ: ಯಾದಗಿರಿಯಿಂದ

ತೊಗರಿಯ ರಾಶಿಗಳು ಯಾದಗಿರಿಯ ಕೃಷಿ ಮಾರುಕಟ್ಟೆಗೆ ಬಂದು ಬೀಳುವ ಕಾಲದಲ್ಲಿ, ದಲಾಲಿ ಅಂಗಡಿಯ ಗಾದಿಯ ಮುಂದೆ ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು ನಿಂತ ರೈತನು, ಗುಮಾಸ್ತನು ಬರೆದುಕೊಟ್ಟ ಪಟ್ಟಿಯ ಮೇಲೆ ಬೆರಳಿಟ್ಟು, “ಹಮಾಲಿ ಇಷ್ಟ್ಯಾಕ್ರಿ? ತೂಕದ್ದು ಎಷ್ಟು ಹಿಡಿದೀರಿ?” ಎಂದು ಕೇಳದೆ ಆ ಕಾಗದವನ್ನು ಜೇಬಿಗೆ ಸೇರಿಸಿದ್ದನ್ನು ನಾನು ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಕಂಡಿಲ್ಲ. ಅಕ್ಷರ ಬಾರದಿದ್ದರೂ ಅವನು ಕಡಿತದ ಲೆಕ್ಕವನ್ನು ಬಲ್ಲನು. ಅಂಥ ಒಕ್ಕಲುತನದ ಮನೆಯಲ್ಲಿಯೇ ಹುಟ್ಟಿ, ಮೂವತ್ತು ವರ್ಷ ಮಕ್ಕಳಿಗೆ ಶೇಕಡಾವಾರು ಲೆಕ್ಕವನ್ನು ಕಲಿಸಿದ ನಮ್ಮ ಮಾಸ್ತರರು, ತಮ್ಮ ಮೂರು ಲಕ್ಷ ರೂಪಾಯಿಯ ಫಂಡಿನಿಂದ ವರ್ಷಕ್ಕೆ ಎಷ್ಟು ಕಡಿತವಾಗುತ್ತಿದೆಯೆಂದು ಕೇಳಿದಾಗ ನಿರುತ್ತರರಾದರು.

ಅದು ಅವರ ಅಲಕ್ಷ್ಯವಲ್ಲ. ಫಂಡಿನ ನಿರ್ವಹಣಾ ವೆಚ್ಚವನ್ನೂ ಅದರೊಳಗೆ ಅಡಗಿರುವ ಏಜೆಂಟರ ಕಮಿಷನ್ನನ್ನೂ ದಿನದಿನವೂ ಕಳೆದ ತರುವಾಯವೇ ಆ ದಿನದ ಎನ್‌ಎವಿ ಎಂಬ ಯೂನಿಟ್ಟಿನ ಬೆಲೆ ಪ್ರಕಟವಾಗುವುದರಿಂದ, ಉಳಿತಾಯಗಾರನ ಕಣ್ಣಿಗೆ ಬೀಳುವುದು ಕಡಿತವಾಗಿ ಮಿಕ್ಕ ಮೊತ್ತವೇ ಹೊರತು ಕಡಿತವಲ್ಲ. ಹಣ ಹಾಕುವಾಗಲೇ ಮುರಿದುಕೊಳ್ಳುತ್ತಿದ್ದ ಎಂಟ್ರಿ ಲೋಡ್ ಎಂಬ ಶುಲ್ಕವನ್ನು ಮಾರುಕಟ್ಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿಯು 2009ರ ಆಗಸ್ಟ್ 1ರಿಂದ ರದ್ದುಗೊಳಿಸಿತು. 2013ರ ಜನವರಿ 1ರಿಂದ, ಕಮಿಷನ್ನಿನ ಭಾರವಿಲ್ಲದ ಡೈರೆಕ್ಟ್ ಪ್ಲಾನನ್ನು ಪ್ರತಿಯೊಂದು ಫಂಡ್ ಸಂಸ್ಥೆಯೂ ತೆರೆಯತಕ್ಕದ್ದೆಂದು ವಿಧಿಸಿತು. ಅಂದಿನಿಂದ ಒಂದೇ ಫಂಡು, ಒಂದೇ ನಿರ್ವಾಹಕ, ಒಂದೇ ಶೇರುಗಳ ರಾಶಿ. ಆದರೆ ಬಾಗಿಲುಗಳು ಎರಡು. ಆರು ತಿಂಗಳಿಗೊಮ್ಮೆ ಬರುವ ಏಕೀಕೃತ ವಿವರಪಟ್ಟಿಯಲ್ಲಿ ಏಜೆಂಟರಿಗೆ ಸಂದ ಕಮಿಷನ್ನನ್ನು ಈಗ ಅಚ್ಚು ಹಾಕಿರುತ್ತಾರೆ. ಮಾಸ್ತರರ ಆ ಲಕೋಟೆ ಕಪಾಟಿನಲ್ಲಿ ಒಡೆಯದೆಯೇ ಇದ್ದಿತು.

ಎರಡು ಬಾಗಿಲುಗಳ ನಡುವಣ ಅಂತರ ನೂರಕ್ಕೆ ಒಂದು ರೂಪಾಯಿ ಎಂದಿಟ್ಟುಕೊಳ್ಳಿ. ಮೂರು ಲಕ್ಷ ರೂಪಾಯಿ ಶೇಕಡಾ 12ರಂತೆ ಹದಿನೈದು ವರ್ಷ ಬೆಳೆದರೆ ಸುಮಾರು 16 ಲಕ್ಷ 42 ಸಾವಿರವಾಗುತ್ತದೆ. ಶೇಕಡಾ 11ರಂತೆ ಬೆಳೆದರೆ 14 ಲಕ್ಷ 35 ಸಾವಿರ. ವರ್ಷಕ್ಕೆ ಒಂದು ರೂಪಾಯಿಯೆಂದು ಅಲ್ಪವಾಗಿ ಕಂಡದ್ದು ಕಡೆಗೆ ಎರಡು ಲಕ್ಷಕ್ಕೂ ಮಿಕ್ಕುತ್ತದೆ.

ಇನ್ನು ಎಲ್ಲರನ್ನೂ ಹಿಂಜರಿಸುವ ಎಕ್ಸಿಟ್ ಲೋಡಿನ ಮಾತು. ನಿಜಾಮರ ಕಾಲದಲ್ಲಿ ಈ ಸೀಮೆಯವರು ಗಡಿ ದಾಟಿ ತಾಳಿಕೋಟೆಯ ಕಡೆಗೆ ವ್ಯವಹಾರಕ್ಕೆ ಹೋದರೆ, ನಿಜಾಮರ ಏಳು ಹಾಲಿ ರೂಪಾಯಿಗೆ ಬ್ರಿಟಿಷರ ಆರು ಕಲ್ದಾರ ರೂಪಾಯಿಯ ದರದಲ್ಲಿ ನಾಣ್ಯ ಬದಲಿಸಿಕೊಳ್ಳಬೇಕಾಗಿತ್ತು. ಅದರ ಮೇಲೆ ಸರಾಫನ ವಟ್ಟ ಬೇರೆ. ಎಕ್ಸಿಟ್ ಲೋಡೂ ಒಂದು ವಟ್ಟವೇ. ಆದರೆ ಸರಾಫನ ವಟ್ಟದಿಂದ ತಪ್ಪಿಸಿಕೊಳ್ಳುವ ದಾರಿಯಿರಲಿಲ್ಲ, ಇದಕ್ಕೆ ಇದೆ. ಶೇರು ಆಧಾರಿತ ಬಹುತೇಕ ಫಂಡುಗಳಲ್ಲಿ, ಕೊಂಡು ಒಂದು ವರ್ಷದೊಳಗೆ ಹೊರಬಂದವನಿಗೆ ಮಾತ್ರ ಶೇಕಡಾ 1ರಷ್ಟು ಹಿಡಿಯುತ್ತಾರೆ. ತಿಂಗಳು ತಿಂಗಳು ಎಸ್‌ಐಪಿ ಕಟ್ಟಿದವರು ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು: ಮೊದಲ ಕಂತಿಗೆ ವರ್ಷ ತುಂಬಿದ ಮಾತ್ರಕ್ಕೆ ಎಲ್ಲ ಕಂತುಗಳಿಗೂ ತುಂಬಿತೆಂದಾಗುವುದಿಲ್ಲ, ಪ್ರತಿಯೊಂದು ಕಂತಿನ ವರ್ಷವೂ ಬೇರೆ. ಆದುದರಿಂದ ಹಳೆಯ ಎಸ್‌ಐಪಿಯನ್ನು ಇಂದೇ ನಿಲ್ಲಿಸಿ, ಹೊಸ ಕಂತನ್ನು ಡೈರೆಕ್ಟ್ ಪ್ಲಾನಿನಲ್ಲಿ ಆರಂಭಿಸಿ, ವರ್ಷ ತುಂಬಿದ ಯೂನಿಟ್ಟುಗಳನ್ನು ಮೊದಲು, ಮಿಕ್ಕವುಗಳನ್ನು ವರ್ಷ ತುಂಬುತ್ತ ಬಂದಂತೆ ಸಾಗಿಸಿದರೆ ಒಂದು ಕಾಸಿನ ವಟ್ಟವೂ ಬೀಳದು.

ತೆರಿಗೆಗೂ ಇದೇ ಸಾವಧಾನ ಬೇಕು. ಅದೇ ಫಂಡಿನೊಳಗೆ ಕಮಿಷನ್ನುಳ್ಳ ರೆಗ್ಯುಲರ್ ಪ್ಲಾನಿನಿಂದ ಡೈರೆಕ್ಟಿಗೆ ಹೋದರೂ ಕಾನೂನಿನ ದೃಷ್ಟಿಯಲ್ಲಿ ಅದು ಒಂದು ಮಾರಾಟ, ಒಂದು ಹೊಸ ಖರೀದಿ. ವರ್ಷ ಮೀರಿ ಇಟ್ಟ ಶೇರು ಫಂಡಿನ ಲಾಭದಲ್ಲಿ ಆರ್ಥಿಕ ವರ್ಷವೊಂದಕ್ಕೆ 1 ಲಕ್ಷ 25 ಸಾವಿರದವರೆಗೆ ತೆರಿಗೆಯಿಲ್ಲ. ಮಿಕ್ಕದ್ದಕ್ಕೆ ಶೇಕಡಾ 12.5. ಮಾಸ್ತರರ ಲಾಭ 2 ಲಕ್ಷ 40 ಸಾವಿರವೆಂದುಕೊಂಡರೆ, ಒಂದೇ ದಿನ ಎಲ್ಲವನ್ನೂ ಸಾಗಿಸಿದಲ್ಲಿ 14,375 ರೂಪಾಯಿಯೂ ಮೇಲೆ ಸೆಸ್ಸೂ ಬೀಳುತ್ತವೆ; ಅರ್ಧವನ್ನು ಮಾರ್ಚಿ ತಿಂಗಳಲ್ಲಿ, ಉಳಿದರ್ಧವನ್ನು ಏಪ್ರಿಲಿನಲ್ಲಿ ಸಾಗಿಸಿದರೆ ಏನೂ ಬೀಳುವುದಿಲ್ಲ.

ಶೇರುಗಳ ವಿಷಯ ಇನ್ನೂ ಸುಲಭ. ಅವುಗಳನ್ನು ಮಾರಬೇಕಾದ ಅಗತ್ಯವೇ ಇಲ್ಲ. ಹೆಸರು, ಪ್ಯಾನು, ಜಂಟಿದಾರರು ಎಲ್ಲವೂ ಅದೇ ಆಗಿದ್ದು, ಖಾತೆಯಲ್ಲಿರುವ ಎಲ್ಲ ಶೇರುಗಳನ್ನೂ ಹೊಸ ಬ್ರೋಕರರಲ್ಲಿನ ತನ್ನದೇ ಡಿಮ್ಯಾಟ್ ಖಾತೆಗೆ ವರ್ಗಾಯಿಸುವವನಿಂದ ಶುಲ್ಕ ವಸೂಲು ಮಾಡಬಾರದೆಂಬ ನಿಯಮ 2006ರ ಜನವರಿ 9ರಿಂದ ಜಾರಿಯಲ್ಲಿದೆ. ಈ ನಿಯಮವನ್ನು ಅರಿಯದೆ, ಇದ್ದ ಶೇರುಗಳನ್ನೆಲ್ಲ ಮಾರಿ, ತೆರಿಗೆ ತೆತ್ತು, ಮತ್ತೆ ಅವನ್ನೇ ಕೊಂಡವರನ್ನು ನೆನೆದರೆ ನನಗೆ ನಿಜವಾಗಿಯೂ ವ್ಯಥೆಯಾಗುತ್ತದೆ.

ವಿರೋಧ: ಸುರಪುರದಿಂದ

ಯಾದಗಿರಿಯ ನನ್ನ ಮಿತ್ರರ ಲೆಕ್ಕದಲ್ಲಿ ತಪ್ಪಿಲ್ಲವೆಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ಆದರೆ ನಮ್ಮ ಸೀಮೆಯ ದುಡ್ಡು ಎಷ್ಟು ಸಲ ಮನೆ ಬದಲಿಸಿದೆ, ಅದನ್ನು ಬದಲಿಸಿದವರು ಯಾರು ಎಂಬುದನ್ನೂ ನೋಡಬೇಕು. 1941ರ ಹೈದರಾಬಾದ್ ಸ್ಟೇಟ್ ಬ್ಯಾಂಕು 1956ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್ ಎನಿಸಿಕೊಂಡು, 2017ರ ಏಪ್ರಿಲ್ 1ರಂದು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ಐಕ್ಯವಾಯಿತು. ಕಲಬುರಗಿಯ ಕೃಷ್ಣಾ ಗ್ರಾಮೀಣ ಬ್ಯಾಂಕು 2013ರಲ್ಲಿ ಪ್ರಗತಿ ಕೃಷ್ಣಾ ಆಗಿ, 2019ರಲ್ಲಿ ಕರ್ನಾಟಕ ಗ್ರಾಮೀಣ ಬ್ಯಾಂಕಿನಲ್ಲಿ ಸೇರಿತು. ಫಲಕಗಳು ಬದಲಾದವು, ಪಾಸ್‌ಬುಕ್ಕಿನ ಬಣ್ಣ ಬದಲಾಯಿತು. ಸುಮ್ಮನೆ ಕುಳಿತ ಠೇವಣಿದಾರನ ಅಸಲು ಮಾತ್ರ ಅಲ್ಲಿಯೇ ಇತ್ತು. ಸುಮ್ಮನಿರುವುದೂ ಒಂದು ವಿವೇಕವೆಂಬುದನ್ನು ಈ ಊರಿನವರು ಪುಸ್ತಕದಿಂದ ಕಲಿತವರಲ್ಲ.

ಮಿತ್ರರು ಹೇಳದೆ ಬಿಟ್ಟ ಒಂದು ಸಂಗತಿಯಿದೆ. ಡೈರೆಕ್ಟಿಗೆ ಸಾಗಿದ ಯೂನಿಟ್ಟುಗಳು ಹೊಸ ಖರೀದಿಯಾದುದರಿಂದ, ಅವುಗಳಿಗೆ ಆ ದಿನದಿಂದ ಮತ್ತೆ ಒಂದು ವರ್ಷದ ಎಣಿಕೆ ಮೊದಲಾಗುತ್ತದೆ. ಮಾಸ್ತರರು ಮಾರ್ಚಿಯಲ್ಲಿ ಸಾಗಿಸಿ, ಶ್ರಾವಣದಲ್ಲಿ ಮಗಳ ನಿಶ್ಚಯವಾಗಿ, ಕಾರ್ತಿಕದಲ್ಲಿ ಮದುವೆಗೆಂದು ಹಣ ತೆಗೆದರೆ, ಹಿಂದೆ ತಪ್ಪಿಸಿಕೊಂಡ ವಟ್ಟವೇ ಈಗ ಬೀಳುತ್ತದೆ. ಅಲ್ಪಾವಧಿಯ ಲಾಭವೆಂದು ಹೊಸ ಲಾಭಕ್ಕೆ ಶೇಕಡಾ 20ರ ತೆರಿಗೆಯೂ ಬೀಳುತ್ತದೆ. ನಮ್ಮ ಮನೆಗಳ ಖರ್ಚುಗಳು ಆರ್ಥಿಕ ವರ್ಷವನ್ನು ನೋಡಿಕೊಂಡು ಬರುವುದಿಲ್ಲ.

ಕಮಿಷನ್ನಿಗೆ ಪ್ರತಿಯಾಗಿ ಏನು ದೊರೆಯುತ್ತದೆಂಬುದನ್ನು ನಾನು ನನ್ನ ನೆರೆಮನೆಯಲ್ಲಿ ಕಂಡೆನು. ಯಜಮಾನರು ತೀರಿಕೊಂಡ ಹದಿನೈದನೆಯ ದಿನ, ಅವರ ಪತ್ನಿ ಉಕ್ಕಿನ ಟ್ರಂಕಿನಿಂದ ಬಟ್ಟೆಯ ಗಂಟೊಂದನ್ನು ತೆಗೆದು ಪಡಸಾಲೆಯ ಚಾಪೆಯ ಮೇಲೆ ಬಿಚ್ಚಿದರು. ಅರಿಶಿನ ತಾಗಿದ ಬಾಂಡುಗಳು, ಮಡಚಿ ಮಡಚಿ ಹರಿದ ರಸೀದಿಗಳು, ಇಂಗ್ಲಿಷಿನ ವಿವರಪಟ್ಟಿಗಳು. ಯಾವುದು ಇದೆ, ಯಾವುದು ಮುಗಿದಿದೆ ಎಂಬುದು ಆ ತಾಯಿಗೆ ತಿಳಿಯದು. ಊರಿನ ಏಜೆಂಟರು ಬಂದು, ಚಾಪೆಯ ಅಂಚಿನಲ್ಲಿ ಕುಳಿತು, ಫೋಲಿಯೊ ಸಂಖ್ಯೆಗಳನ್ನು ಒಂದೊಂದಾಗಿ ಬರೆದುಕೊಂಡರು. ನಾಮಿನಿಯ ಹೆಸರು ಮರಣಪತ್ರದೊಡನೆ ಒಂದು ಅಕ್ಷರ ಹೊಂದದಿದ್ದಲ್ಲಿ ಅಫಿಡವಿಟ್ಟು ಮಾಡಿಸಿಕೊಟ್ಟರು. ಮೂರು ತಿಂಗಳು ಓಡಾಡಿದರು. “ಅಕ್ಕಾ, ನೀವು ಸಹಿ ಅಷ್ಟ ಮಾಡ್ರಿ, ಉಳಿದದ್ದು ನನಗ ಬಿಡ್ರಿ” ಎಂದ ಆ ಮಾತಿನ ಬೆಲೆಯನ್ನು ಶೇಕಡಾವಾರಿನಲ್ಲಿ ಹೇಗೆ ಬರೆಯುವುದು? ಗಂಡನ ಮೊಬೈಲು ಅಂದಿಗೆ ಬೀಗ ಬಿದ್ದು ಮೂಲೆಯಲ್ಲಿತ್ತು. ಅದರೊಳಗಣ ಆ್ಯಪಿನಲ್ಲಿ ಗಂಟೆಲ್ಲವೂ ಇದ್ದಿದ್ದರೆ, ಇಂಥದೊಂದು ಇದೆಯೆಂದಾದರೂ ಆಕೆಗೆ ಹೇಳುವವರು ಯಾರಿರುತ್ತಿದ್ದರು?

ಎಲ್ಲ ಏಜೆಂಟರೂ ಇಂಥವರೇ ಎಂದು ನಾನು ಹೇಳುತ್ತಿಲ್ಲ. ಹಣ ಹಾಕಿಸಿಕೊಂಡ ಮೇಲೆ ಮುಖ ತೋರದವರನ್ನೂ ಬಲ್ಲೆ. ಅಂಥವರ ಕೈಯಲ್ಲಿ ಸಿಕ್ಕವನಿಗೂ ಮಾರಾಟವೊಂದೇ ದಾರಿಯಲ್ಲ: ರೆಗ್ಯುಲರ್ ಪ್ಲಾನಿನಲ್ಲಿಯೇ ಇದ್ದು, ಒಂದು ಅರ್ಜಿಯಿಂದ ಏಜೆಂಟರ ನೋಂದಣಿಯ ಎಆರ್‌ಎನ್ ಸಂಖ್ಯೆಯನ್ನು ಮಾತ್ರ ಬದಲಿಸಬಹುದು, ಯೂನಿಟ್ಟುಗಳು ಇದ್ದಲ್ಲಿಯೇ ಇರುವುದರಿಂದ ವಟ್ಟವೂ ಇಲ್ಲ, ತೆರಿಗೆಯೂ ಇಲ್ಲ.

ನನ್ನ ಹೆಚ್ಚಿನ ಭಯ ಇನ್ನೊಂದು. ಗಂಟು ಬದಲಿಸುವ ರುಚಿ ಒಮ್ಮೆ ಹತ್ತಿದರೆ ಅದು ಫಂಡಿಗೇ ನಿಲ್ಲುವುದಿಲ್ಲ. ಮಾಸ್ತರರು ನಿವೃತ್ತಿಯ ಹಣದಲ್ಲಿ ಒಂದು ಭಾಗವನ್ನು ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಇಟ್ಟಿದ್ದಾರೆ. ಅದನ್ನೂ ಮುರಿದು ಫಂಡಿಗೆ ಹಾಕಲೇ ಎಂದು ಮೊನ್ನೆ ನನ್ನನ್ನು ಕೇಳಿದರು. ಒಂದು ವರ್ಷ ಕಳೆದು ಎರಡು ತುಂಬುವುದರೊಳಗೆ ಮುರಿದರೆ ಅಸಲಿನಲ್ಲಿಯೇ ಶೇಕಡಾ 1.5, ಎರಡರ ಮೇಲಾದರೆ ಶೇಕಡಾ 1 ಕಡಿತವಾಗುತ್ತದೆ. ಮಾಸಿಕ ಆದಾಯ ಯೋಜನೆಯನ್ನು ಒಂದು ವರ್ಷ ಕಳೆದು ಮೂರು ತುಂಬುವುದರೊಳಗೆ ಮುರಿದರೆ ಶೇಕಡಾ 2. ಫಂಡಿನ ಒಂದು ರೂಪಾಯಿಯ ಕಥೆ ಕೇಳಿ ಉತ್ಸಾಹಗೊಂಡವನು, ಇಲ್ಲಿ ನಿಶ್ಚಿತವಾದ ಬಡ್ಡಿಯನ್ನು ಬಿಟ್ಟು ಅಸಲಿನ ಎರಡು ರೂಪಾಯಿ ತೆತ್ತು ಬರುವ ಸಂಭವ ಸಣ್ಣದಲ್ಲ. ಇದರ ಜೊತೆಗೆ, ವರ್ಗಾವಣೆ ಮಾಡಿಕೊಡುತ್ತೇವೆಂದು ಫೋನು ಮಾಡಿ, ಲಿಂಕೊಂದನ್ನು ಒತ್ತಿಸಿ, ಒಟಿಪಿ ಕೇಳಿ ಖಾತೆಯನ್ನೇ ಬರಿದು ಮಾಡುವ ವಂಚಕರಿದ್ದಾರೆ.

ಶೇರುಗಳ ಮಟ್ಟಿಗೆ ಮಾತ್ರ ನಾನು ಮಿತ್ರರಿಗೆ ಸೋತಿದ್ದೇನೆ. ಮಾಸ್ತರರು ಕಳೆದ ಸೋಮವಾರ ಹಳೆಯ ಬ್ರೋಕರರ ಖಾತೆಯನ್ನು ಮುಚ್ಚಿ ಶೇರುಗಳನ್ನು ವರ್ಗಾಯಿಸುವ ಅರ್ಜಿಗೆ ನನ್ನ ಮುಂದೆಯೇ ಸಹಿ ಹಾಕಿದರು. ಅಂಚೆ ಕಚೇರಿಯ ಪಾಸ್‌ಬುಕ್ಕನ್ನು ಮತ್ತೆ ಟ್ರಂಕಿನಲ್ಲಿ ಇಟ್ಟರು. ಫಂಡಿನ ಕಾಗದ ಇನ್ನೂ ಅವರ ಮೇಜಿನ ಮೇಲಿದೆ. ಒಡೆಯದೆ ಇದ್ದ ಆ ಲಕೋಟೆಯನ್ನು ಈಗ ಒಡೆದಿದ್ದಾರೆ, ಕಮಿಷನ್ನಿನ ಸಾಲಿನ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದಿದ್ದಾರೆ. ಬರುವ ಭಾನುವಾರ ಏಜೆಂಟರನ್ನು ಮನೆಗೆ ಚಹಾಕ್ಕೆ ಕರೆದಿದ್ದಾರೆ.