ಹೆಂಡದ ಮಾರಯ್ಯನಿಗೆ ತೆರೆದ ಬಾಗಿಲು



ಹೆಂಡ ಮಾರುವ ಕಾಯಕದ ಮಾರಯ್ಯನನ್ನು 12ನೆಯ ಶತಮಾನದ ಶರಣರು ತಮ್ಮವನೆಂದು ಅಪ್ಪಿಕೊಂಡರು. ಇಂದು ನಮ್ಮ ಯಾದವಗಿರಿಯಲ್ಲಿ ಗರ್ಭಿಣಿಯೊಬ್ಬಳು ಮದ್ಯಕ್ಕೋ ಹೊಗೆಸೊಪ್ಪಿಗೋ ಸೋತಿರುವಳೆಂದು ತಿಳಿದರೆ ನಾವು ಮೊದಲು ಆಡುವುದು ನಿಂದೆಯ ನುಡಿ. ಆಕೆ ನಾಚಿ, ಚಟವನ್ನು ವೈದ್ಯರಿಂದಲೂ ಮರೆಮಾಚುತ್ತಾಳೆ. ಕೂಸು ದಿನ ತುಂಬುವ ಮುನ್ನವೇ, ತೂಕಗುಂದಿ ಹುಟ್ಟಬಹುದು. ಆಣೆ ಹಾಕಿಸಿದರೆ ಸಾಕೆಂಬ ಹಿರಿಯರುಂಟು (ನಾನೂ ಹಾಕಿಸಿದ್ದೇನೆ). ಆದರೆ ಬಹುಕಾಲ ವಿಪರೀತ ಕುಡಿದವಳು ಒಮ್ಮೆಲೇ ನಿಲ್ಲಿಸುವುದೂ ಅಪಾಯ; ವೈದ್ಯರ ನಿಗಾ ಬೇಕೇ ಬೇಕು. ಹೆಂಗಸರ, ಮಕ್ಕಳ ಚೆಲುವಾಂಬ ಆಸ್ಪತ್ರೆ ನಮ್ಮ ಮೈಸೂರಿನಲ್ಲೇ ಇದೆ. ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಸಲಹೆ ದೊರೆಯುತ್ತದೆ. ಬಾಣಂತನಕ್ಕೆ ಬಂದ ತಾಯಿಯೋ ಅತ್ತೆಯೋ ಆಕೆಯ ಜೊತೆಯಲ್ಲಿ ನಡೆಯಲಿ. ಗಂಡನೂ ಕುಡಿಯುವವನಾದರೆ ಮನೆಯ ಬಾಟಲಿಯನ್ನು ಮೊದಲು ಅವನೇ ಹೊರಗಿಡಲಿ.