ಯಾತ್ರೆಯ ಬಾಡಿಗೆಯೂ ಶ್ರಾವಕಧರ್ಮವೂ

ಮಳೆಗಾಲ ಕಳೆದು ಮಲೆನಾಡಿನ ರಸ್ತೆಗಳು ಒಣಗುತ್ತಲೇ ಶ್ರಾವಕ ಕುಟುಂಬಗಳ ಯಾತ್ರೆ ಆರಂಭವಾಗುತ್ತದೆ. ಶಿರಸಿಯಲ್ಲಿ ಇಳಿದು, ಬಾಡಿಗೆಯ ವಾಹನ ಹಿಡಿದು, ಸೋಂದೆಯ ಜೈನಮಠ, ಬನವಾಸಿ, ಸಿದ್ದಾಪುರ ತಾಲ್ಲೂಕಿನ ಬಿಳಗಿಯ ರತ್ನತ್ರಯ ಬಸದಿಗಳ ದರ್ಶನ ಮಾಡಿ, ಜೋಗ, ಉಂಚಳ್ಳಿ, ಯಲ್ಲಾಪುರದ ಕಡೆಯ ಮಾಗೋಡು ಜಲಪಾತಗಳನ್ನು ನೋಡಿ ಮರಳುವುದು ವಾಡಿಕೆ. ಆದರೆ ಈ ಪುಣ್ಯಯಾತ್ರೆಯ ಮೊದಲ ಮಾತು ಣಮೋಕಾರ ಮಂತ್ರವಲ್ಲ, ಚೌಕಾಸಿ. ಚಾಲಕ ಹೇಳಿದ ಬಾಡಿಗೆಯಲ್ಲಿ 500 ರೂಪಾಯಿ ಇಳಿಸಿದವನೇ ಆ ತಂಡದ ಜಾಣ. ಅದೇ 500 ರೂಪಾಯಿ ಸಂಜೆ ಬಸದಿಯ ಕಾಣಿಕೆ ಡಬ್ಬಿಗೆ ಬಿದ್ದರೆ ಅವನು ದಾನಿಯೂ ಹೌದು! ಒಬ್ಬನ ಬೆವರಿನಿಂದ ಕಿತ್ತ ಹಣ ಜಿನಚರಣದಲ್ಲಿ ದಾನವಾಗುವುದು ಹೇಗೆ?

ಬೆಲೆ ವಿಚಾರಿಸುವುದು ಪಾಪವಲ್ಲ. ಗೃಹಸ್ಥನು ಮಿತವ್ಯಯಿಯಾಗಿರಬೇಕೆಂಬುದೂ ಸರಿಯೇ. ಆದರೆ ಬಾಡಿಗೆಯೊಳಗೆ ಏನೇನಿದೆ ಎಂದು ಲೆಕ್ಕ ಹಾಕುವವರು ವಿರಳ. ಶಿರಸಿಯಿಂದ ಯಲ್ಲಾಪುರಕ್ಕೆ ಸುಮಾರು 50 ಕಿ.ಮೀ.; ಅಲ್ಲಿಂದ ಮಾಗೋಡಿಗೆ ಸುಮಾರು 20 ಕಿ.ಮೀ. ಹೋಗಿಬರುವ ದಾರಿ 140 ಕಿ.ಮೀ. ಯಾತ್ರಿಕರು ಮರಳುವಾಗ ಯಲ್ಲಾಪುರದಲ್ಲೇ ಇಳಿದು ಹುಬ್ಬಳ್ಳಿಯ ಬಸ್ಸು ಹತ್ತಿದರೂ ಚಾಲಕನು 50 ಕಿ.ಮೀ. ಖಾಲಿ ಗಾಡಿಯಲ್ಲಿ ಶಿರಸಿಗೆ ಬರಲೇಬೇಕು. ಇಂಧನ, ಟಯರು, ತೆರಿಗೆ, ವಿಮೆ, ಸಾಲದ ಕಂತು, ಕಾಯುವ ಹೊತ್ತು ಎಲ್ಲವೂ ಆ ಒಂದು ಮೊತ್ತದಲ್ಲೇ ತೀರಬೇಕು. ಮಳೆಗಾಲದ ಖಾಲಿ ದಿನಗಳ ಹೊಟ್ಟೆಪಾಡೂ ಅದರಲ್ಲೇ ಅಡಗಿದೆ.

“ಅವನೇ ಒಪ್ಪಿದನಲ್ಲ?” ಎಂಬುದು ಸಿದ್ಧ ಉತ್ತರ. ಜೈನಧರ್ಮವು ಕಳವನ್ನು ‘ಅದತ್ತಾದಾನ’ವೆಂದು ಕರೆಯಿತು, ಅಂದರೆ ಕೊಡದೆ ಇದ್ದುದನ್ನು ತೆಗೆದುಕೊಳ್ಳುವುದು. ಬೆಳಗಿನಿಂದ ಒಂದು ಬಾಡಿಗೆಯೂ ಸಿಗದೆ ನಿಂತವನು ನಷ್ಟದ ದರಕ್ಕೆ ತಲೆಯಾಡಿಸಿದರೆ ಅದು ಮನಸಾರೆ ಕೊಟ್ಟದ್ದಲ್ಲ, ಕಷ್ಟವು ಕೊಡಿಸಿದ್ದು. ಅಂಥ ಒಪ್ಪಿಗೆಯ ಮರೆಯಲ್ಲಿ ನಿಂತವನು ಅಚೌರ್ಯಾಣುವ್ರತವನ್ನು ಪಾಲಿಸಿದಂತಾಗದು.

ದರಕ್ಕಿಂತಲೂ ಘೋರವಾದುದು ಆಮೇಲಿನ ನಡತೆ. ಏಳು ಜನರ ವಾಹನದಲ್ಲಿ ಹತ್ತು ಜನ ತುಂಬುವುದು, ಗೊತ್ತುಮಾಡಿದ ಸ್ಥಳಗಳ ಮೇಲೆ “ಹತ್ತಿರವೇ ಅಲ್ಲವೇ” ಎಂದು ಮತ್ತೆರಡು ಸೇರಿಸುವುದು, ರಾತ್ರಿಯಿಡೀ ಓಡಿಸಿ ಬೆಳಗ್ಗೆ ಮತ್ತೆ ಹೊರಡಿಸುವುದು ಇಂದು ಸಾಮಾನ್ಯವಾಗಿದೆ. ತತ್ತ್ವಾರ್ಥಸೂತ್ರವು ಅಹಿಂಸಾಣುವ್ರತದ ಅತಿಚಾರಗಳಲ್ಲಿ ಅತಿಭಾರಾರೋಪಣ, ಅನ್ನಪಾನನಿರೋಧಗಳನ್ನು ಎಣಿಸಿದೆ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಪರಿಗ್ರಹಪರಿಮಾಣ ವ್ರತದ ಅತಿಚಾರಗಳಲ್ಲಿ ಮೊದಲಿಗೇ ‘ಅತಿವಾಹನ’ವನ್ನು, ಎಂದರೆ ಲೋಭದಿಂದ ಶಕ್ತಿಮೀರಿ ನಡೆಸುವುದನ್ನು ಹೇಳಿದೆ. ಎತ್ತಿಗೆ ಸಲ್ಲುವ ಈ ಕರುಣೆ ಮನುಷ್ಯನಿಗೆ ಸಲ್ಲದೇ? 1961ರ ಮೋಟಾರು ಸಾರಿಗೆ ಕಾರ್ಮಿಕರ ಅಧಿನಿಯಮವು ದಿನಕ್ಕೆ 8 ಗಂಟೆಯ ದುಡಿಮೆಯನ್ನೂ 5 ಗಂಟೆಗೊಮ್ಮೆ ಅರ್ಧ ಗಂಟೆಯ ವಿಶ್ರಾಂತಿಯನ್ನೂ ಗೊತ್ತುಮಾಡಿತು. ಶಾಸ್ತ್ರಕಾರರು ಎಷ್ಟೋ ಶತಮಾನಗಳ ಹಿಂದೆಯೇ ಹೇಳಿದ ಮಾತಿದು.

ಇನ್ನೊಂದು ಸಂಗತಿಯಂತೂ ತಲೆತಗ್ಗಿಸುವಂಥದು. ಯಾತ್ರಿಕರು ಸೂರ್ಯಾಸ್ತದೊಳಗೆ ಭೋಜನಶಾಲೆಯಲ್ಲಿ ಉಂಡು ರಾತ್ರಿಭೋಜನತ್ಯಾಗವನ್ನು ಪಾಲಿಸುತ್ತಾರೆ. ಚಾಲಕನು ಹೊರಗೆ ಗಾಡಿಯಲ್ಲೇ ಕುಳಿತಿರುತ್ತಾನೆ. ಆಮೇಲೆ ಘಟ್ಟದ ದಾರಿಯಲ್ಲಿ ರಾತ್ರಿ ಹತ್ತು ಗಂಟೆಗೆ ಅವನಿಗೊಂದು ಹೋಟೆಲು ಸಿಕ್ಕರೆ ಸಿಕ್ಕಿತು. ತಮ್ಮ ವ್ರತವನ್ನು ಕಾಪಾಡಿಕೊಂಡವರು ಅವನ ಹಸಿವನ್ನು ಕಾಣದೆ ಹೋದರು. ಅಹಿಂಸೆಯು ತಟ್ಟೆಯ ಅಂಚಿಗೇ ನಿಲ್ಲುವ ವಸ್ತುವೇ?

ಅಗ್ಗದ ಆಸೆ ಕೆಲವರನ್ನು ಬಿಳಿ ಫಲಕದ ಖಾಸಗಿ ಕಾರುಗಳ ಕಡೆಗೂ ಎಳೆಯುತ್ತದೆ. 1988ರ ಮೋಟಾರು ವಾಹನ ಅಧಿನಿಯಮದಂತೆ ಬಾಡಿಗೆಗೆ ಓಡುವ ವಾಹನಕ್ಕೆ ಪರವಾನಗಿ ಬೇಕು. ಅದಿಲ್ಲದ ಕಾರಿನಲ್ಲಿ ಬಾಡಿಗೆ ಕೊಟ್ಟು ಕುಳಿತವರಿಗೆ ಅಪಘಾತವಾದಾಗ ವಿಮೆಯೂ ಕೈಬಿಡಬಹುದು. ರಾಜ್ಯದ ಕಟ್ಟಳೆಯನ್ನು ತಪ್ಪಿಸಿ ಲಾಭ ಪಡೆಯುವುದೇ ‘ವಿರುದ್ಧರಾಜ್ಯಾತಿಕ್ರಮ’. ಅದು ಅಚೌರ್ಯವ್ರತದ ಅತಿಚಾರ.

ಚಾಲಕರೆಲ್ಲರೂ ಸಾಧುಗಳೇ ಎಂಬ ಆಕ್ಷೇಪವನ್ನು ತಳ್ಳಿಹಾಕಲಾಗದು. ಹೊರಊರಿನ ಮುಖ ಕಂಡೊಡನೆ ಇಮ್ಮಡಿ ಕೇಳುವವರೂ ಇದ್ದಾರೆ. ಅದೂ ತಪ್ಪು ಅಳತೆಯ ವ್ಯಾಪಾರವೇ. ಆದರೆ ಒಬ್ಬನ ಕಳವಿಗೆ ಇನ್ನೊಬ್ಬನ ಕಳವು ಮದ್ದಲ್ಲ. ನ್ಯಾಯದ ದರವನ್ನು ಮೊದಲೇ ತಿಳಿಯುವುದೇ ಮದ್ದು. 2024ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರವು ನಗರ ಟ್ಯಾಕ್ಸಿಗಳಿಗೆ ಏಕರೂಪ ದರ ಪ್ರಕಟಿಸಿ, 10 ಲಕ್ಷ ರೂ.ವರೆಗಿನ ಬೆಲೆಯ ವಾಹನಕ್ಕೆ ಮೊದಲ 4 ಕಿ.ಮೀ.ಗೆ 100 ರೂ., ಅನಂತರ ಪ್ರತಿ ಕಿ.ಮೀ.ಗೆ 24 ರೂ. ಎಂದು ಗೊತ್ತುಮಾಡಿತು. ದಿನವಿಡೀ ಸುತ್ತುವ ಪ್ರವಾಸದ ಲೆಕ್ಕ ಬೇರೆಯಾದರೂ, ದರವೆಂಬುದು ಬಾಯಿಬಲದ ಮಾತಾಗಬೇಕಿಲ್ಲ ಎಂಬುದಕ್ಕೆ ಇದು ಸಾಕ್ಷಿ.

ಇಲ್ಲಿ ಬಸದಿಗಳ ಟ್ರಸ್ಟುಗಳ ಹೊಣೆ ದೊಡ್ಡದು. ಸ್ಥಳೀಯ ಚಾಲಕರನ್ನು ಕರೆದು ಮಾತನಾಡಿ, ವರ್ಷಕ್ಕೊಮ್ಮೆ ಒಪ್ಪಿದ ದರವನ್ನು ಯಾತ್ರಿನಿವಾಸದ ಗೋಡೆಯ ಮೇಲೆ ಬರೆಸಲಿ. ಕಿ.ಮೀ. ದರ, ದಿನದ ಕನಿಷ್ಠ ಕಿ.ಮೀ., ಚಾಲಕನ ಬಾಟಾ, ರಾತ್ರಿ ತಂಗುವ ವೆಚ್ಚ, ನೋಡುವ ಸ್ಥಳಗಳು ಎಂಬ ಐದು ಬಾಬುಗಳನ್ನು ಹೊರಡುವ ಮುನ್ನವೇ ಒಂದು ಚೀಟಿಯಲ್ಲಿ ಬರೆದುಕೊಂಡರೆ ಇಬ್ಬರಿಗೂ ಮೋಸವಿಲ್ಲ. ಭೋಜನಶಾಲೆಯ ಪಂಕ್ತಿಯಲ್ಲಿ ಚಾಲಕನಿಗೊಂದು ಎಲೆ, ನಿವಾಸದಲ್ಲಿ ಅವನಿಗೊಂದು ಚಾಪೆ ಇರಲಿ. ಇದಕ್ಕೆ ಬೇಕಾದುದು ದೊಡ್ಡ ನಿಧಿಯಲ್ಲ, ದೊಡ್ಡ ಮನಸ್ಸು.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಗಾದೆ ಅಡಿಕೆಯ ನಾಡಾದ ಶಿರಸಿ ಸೀಮೆಗೆ ಹೊಸದಲ್ಲ. ಜೈನ ಯಾತ್ರಿಕರೆಂದರೆ ಸರಿಯಾದ ಲೆಕ್ಕದವರು, ಹಸಿವು ಕೇಳುವವರು ಎಂಬ ಮಾತು ಅಲ್ಲಿನ ಚಾಲಕರ ಬಾಯಲ್ಲಿ ಬಂದರೆ, ಅದಕ್ಕಿಂತ ಮಿಗಿಲಾದ ಧರ್ಮಪ್ರಭಾವನೆ ಬೇರೆ ಬೇಕಿಲ್ಲ.